ಸಹಿ ಹಾಕಿದ ಮೇಲೆ ಇನ್ನೂ ಒಳ್ಳೆಯ ಕೆಲಸ ಬಂದರೆ: ಫ್ರೀಲಾನ್ಸ್ ಕರಾರಿನಿಂದ ಹೊರಬರುವುದು ಹೇಗೆ?

ಕರಾರಿಗೆ ಸಹಿ ಹಾಕಿ ನಾಲ್ಕು ದಿನವಾಗಿರುತ್ತದೆ. ಕೆಲಸ ಆಗಷ್ಟೇ ಶುರುವಾಗಿರುತ್ತದೆ. ಅಷ್ಟರಲ್ಲಿ ಇನ್ಯಾರೋ ಫೋನ್ ಮಾಡಿ, ಅದೇ ಅವಧಿಗೆ ಒಂದೂವರೆ ಪಟ್ಟು ಸಂಭಾವನೆ ಕೊಡುತ್ತೇವೆ ಬನ್ನಿ ಎನ್ನುತ್ತಾರೆ. ತಿಂಗಳ ಸಂಬಳದ ಆಸರೆ ಇಲ್ಲದವರಿಗೆ ಅದನ್ನು ಬೇಡವೆನ್ನುವುದು ಸುಲಭವಲ್ಲ. ಆ ಆಸೆಯಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಹೊರಬರುವುದಕ್ಕೂ ಒಂದು ಕ್ರಮವಿದೆ, ಮತ್ತು ಅದರಲ್ಲಿ ಒಂದೊಂದು ದಿನಕ್ಕೂ ಬೆಲೆಯಿದೆ.

ಮೊದಲು, ಸಹಿ ಹಾಕಿದ ಕರಾರನ್ನು ತೆಗೆದು ಕೂತು ಪೂರ್ತಿ ಓದಿ. ಹುಡುಕಬೇಕಾದದ್ದು ರದ್ದತಿಯ ಷರತ್ತು. ಯಾರು ರದ್ದು ಮಾಡಬಹುದು, ಎಷ್ಟು ದಿನ ಮುಂಚೆ ನೋಟಿಸ್ ಕೊಡಬೇಕು, ಇಮೇಲ್ ಸಾಕೇ, ಅಡ್ವಾನ್ಸ್ ಏನಾಗುತ್ತದೆ, ಅರ್ಧ ಮುಗಿದ ಕೆಲಸದ ಹಕ್ಕು ಯಾರದು? 15 ದಿನದ ನೋಟಿಸ್ ಕೊಟ್ಟು ಯಾವ ಕಾರಣಕ್ಕಾದರೂ ಬಿಡಬಹುದು ಎಂದಿದ್ದರೆ ನೀವು ಕರಾರು ಮುರಿಯುತ್ತಿಲ್ಲ, ಅದರಲ್ಲೇ ಇರುವ ಬಾಗಿಲಿನಿಂದ ಹೊರಗೆ ಹೋಗುತ್ತಿದ್ದೀರಿ. ಅನೇಕರು ಈ ಸಾಲನ್ನು ಓದದೆಯೇ ವಾರಗಟ್ಟಲೆ ನಿದ್ದೆ ಕೆಡಿಸಿಕೊಳ್ಳುತ್ತಾರೆ.

ಅಂಥ ಷರತ್ತು ಇಲ್ಲದಿದ್ದರೆ ಅರ್ಧಕ್ಕೆ ಬಿಡುವುದು ಕರಾರಿನ ಉಲ್ಲಂಘನೆಯೇ. ಆಗ ಏನಾಗಬಹುದು? 1852ರಲ್ಲಿ ಲಂಡನ್ನಿನಲ್ಲಿ ಇದೇ ಪ್ರಶ್ನೆ ಕೋರ್ಟಿಗೆ ಬಂದಿತ್ತು. ಜೊಹಾನ್ನಾ ವಾಗ್ನರ್ ಎಂಬ ಗಾಯಕಿ ಒಂದು ರಂಗಮಂದಿರದಲ್ಲಿ ಮೂರು ತಿಂಗಳು ಹಾಡಲು, ಆ ಅವಧಿಯಲ್ಲಿ ಬೇರೆಲ್ಲೂ ಹಾಡದಿರಲು ಒಪ್ಪಿದ್ದರು. ಇನ್ನೊಂದು ರಂಗಮಂದಿರದವರು ಹೆಚ್ಚು ಹಣ ಕೊಡುತ್ತೇವೆಂದಾಗ ಅತ್ತ ಹೊರಟರು. ಅವರನ್ನು ಬಲವಂತವಾಗಿ ಹಾಡಿಸಲು ಕೋರ್ಟಿಗೆ ಸಾಧ್ಯವಿರಲಿಲ್ಲ. ಆದರೆ ಬೇರೆ ಕಡೆ ಹಾಡದಂತೆ ತಡೆಯಾಜ್ಞೆ ಕೊಟ್ಟಿತು. ಹಾಗಾಗಿ ನಿಮ್ಮ ಕರಾರಿನಲ್ಲಿ 'ಈ ಅವಧಿಯಲ್ಲಿ ಬೇರೆಯವರಿಗೆ ಕೆಲಸ ಮಾಡುವಂತಿಲ್ಲ' ಎಂಬ ಸಾಲಿದೆಯೇ ಎಂದು ಎರಡು ಸಲ ನೋಡಿ. ಮರುವರ್ಷ ಅದೇ ಜಗಳದ ಇನ್ನೊಂದು ಮೊಕದ್ದಮೆಯಲ್ಲಿ, ಕರಾರು ಮುರಿಯುವಂತೆ ಪ್ರೇರೇಪಿಸಿದವರ ಮೇಲೂ ದಾವೆ ಹೂಡಬಹುದೆಂದು ತೀರ್ಮಾನವಾಯಿತು. ಹೊಸ ಕ್ಲೈಂಟ್‌ನಿಂದ ಹಳೆಯ ಕರಾರನ್ನು ಮುಚ್ಚಿಡಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಇನ್ನು ನಷ್ಟ ಪರಿಹಾರ. ನಿಮಗೆ 100 ಕೊಡಬೇಕಿದ್ದ ಕೆಲಸಕ್ಕೆ ಕ್ಲೈಂಟ್ ಬೇರೊಬ್ಬರಿಗೆ 130 ಕೊಡಬೇಕಾಗಿ ಬಂದರೆ, ಆ 30ನ್ನು ನಿಮ್ಮಿಂದ ಕೇಳಬಹುದು. ಭಾರತದ 1872ರ ಕರಾರು ಕಾಯ್ದೆಯ 73ನೇ ಸೆಕ್ಷನ್ ಹೇಳುವುದೂ ಇದನ್ನೇ: ಉಲ್ಲಂಘನೆಯಿಂದ ಸಹಜವಾಗಿ ಆದ ನಷ್ಟಕ್ಕೆ ಪರಿಹಾರ, ದೂರದ, ಪರೋಕ್ಷವಾದ ನಷ್ಟಕ್ಕೆ ಇಲ್ಲ. ನಷ್ಟ ತಗ್ಗಿಸಿಕೊಳ್ಳಲು ಕ್ಲೈಂಟ್‌ಗೆ ಏನು ದಾರಿ ಇತ್ತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ದಂಡದ ಮೊತ್ತ ಮೊದಲೇ ಬರೆದಿದ್ದರೂ 74ನೇ ಸೆಕ್ಷನ್ ಪ್ರಕಾರ ಆ ಮೊತ್ತವೇ ಗರಿಷ್ಠ ಮಿತಿ. ಅದರೊಳಗೆ ನ್ಯಾಯವಾದಷ್ಟು ಮಾತ್ರ. ಮೊತ್ತ ದೊಡ್ಡದಾಗಿದ್ದರೆ ವಕೀಲರಿಗೆ ಒಮ್ಮೆ ತೋರಿಸಿ. ಬೇಗ ತಿಳಿಸಿದಷ್ಟೂ ಬದಲಿ ಹುಡುಕಲು ಅವರಿಗೆ ಸಮಯ ಸಿಗುತ್ತದೆ, ನಿಮ್ಮ ತಲೆಯ ಮೇಲಿನ ಭಾರವೂ ಇಳಿಯುತ್ತದೆ.

ಎರಡನೆಯದು, ಹೊಸ ಆಫರ್ ಬರವಣಿಗೆಯಲ್ಲಿ ಕೈಸೇರಲಿ. ಫೋನಿನ ಮಾತು ನಂಬಿ ಇದ್ದ ಕೆಲಸ ಬಿಟ್ಟು, ಕೊನೆಗೆ ಎರಡೂ ಇಲ್ಲವಾದರೆ ಕೇಳುವವರಿಲ್ಲ. ಹೊಸ ಸಂಭಾವನೆಯಿಂದ ಹಿಂತಿರುಗಿಸಬೇಕಾದ ಅಡ್ವಾನ್ಸ್, ಕೊಡಬೇಕಾಗಬಹುದಾದ ಪರಿಹಾರ, ನಡುವೆ ಖಾಲಿ ಹೋಗುವ ದಿನಗಳು ಎಲ್ಲವನ್ನೂ ಕಳೆದು ನೋಡಿ. ಉಳಿಯುವುದು ಅಲ್ಪವಾದರೆ ಅಲ್ಲಿಗೇ ಬಿಡಿ. ಜತೆಗೆ, ಮೂರು ವಾರ ತಡವಾಗಿ ಶುರು ಮಾಡಬಹುದೇ ಎಂದು ಹೊಸಬರನ್ನು ಕೇಳಿ. ಕೇಳಿದರೆ ಒಪ್ಪುವವರು ಇದ್ದಾರೆ. ಹಳೆಯ ಕ್ಲೈಂಟ್ ಮುಂದೆ ಹೊಸ ಆಫರ್ ಹಿಡಿದು ದರ ಏರಿಸಲು ಹೋಗುವುದು ಮಾತ್ರ ನನಗೆ ಸರಿ ಕಾಣುವುದಿಲ್ಲ. ಆ ದರಕ್ಕೆ ಒಪ್ಪಿ ಸಹಿ ಹಾಕಿದವರು ನೀವೇ.

ಬಿಡುವುದೆಂದು ತೀರ್ಮಾನಿಸಿದಿರಾ? ಆ ದಿನವೇ ಫೋನ್ ಮಾಡಿ ನೀವೇ ಹೇಳಿ, ಬೆನ್ನಿಗೇ ಇಮೇಲ್ ಕಳಿಸಿ. ಉದ್ದ ಬೇಡ:

"ನಮ್ಮ ಕರಾರಿನ ಇಂಥ ಷರತ್ತಿನ ಪ್ರಕಾರ ಇಂದಿನಿಂದ 15 ದಿನದ ನೋಟಿಸ್ ಕೊಡುತ್ತಿದ್ದೇನೆ. ಬೇರೊಂದು ಕೆಲಸ ಒಪ್ಪಿಕೊಂಡಿದ್ದೇನೆ. ಇದರಿಂದ ನಿಮಗಾಗುವ ತೊಂದರೆಗೆ ಕ್ಷಮೆ ಇರಲಿ. ಮೊದಲ ಎರಡು ಭಾಗ ಮುಗಿಸಿ ಕೊಡುತ್ತೇನೆ. ಉಳಿದ ಕೆಲಸದ ಅಡ್ವಾನ್ಸನ್ನು ಈ ವಾರವೇ ಹಿಂತಿರುಗಿಸುತ್ತೇನೆ."

ಷರತ್ತು ಇಲ್ಲದಿದ್ದರೆ ಮೊದಲ ಸಾಲಿನಲ್ಲಿ "ಕರಾರನ್ನು ಇಬ್ಬರ ಒಪ್ಪಿಗೆಯಿಂದ ಮುಗಿಸಲು ಕೋರುತ್ತೇನೆ" ಎಂದು ಬರೆಯಿರಿ. ಹುಷಾರಿಲ್ಲ, ಮನೆಯಲ್ಲಿ ತೊಂದರೆ ಎಂಬ ಸುಳ್ಳು ಬೇಡ. ನಿಮ್ಮ ಹೊಸ ಕೆಲಸ ನಾಳೆ ಅವರ ಕಣ್ಣಿಗೂ ಬೀಳುತ್ತದೆ.

ಇನ್ನು ಕೆಲವು ದಿನದಲ್ಲೇ ಕೊಡಬೇಕಾದ ಕೆಲಸವಾಗಿದ್ದು, ನಿಮ್ಮ ಭಾಗಕ್ಕಾಗಿ ಇನ್ನೂ ಹತ್ತು ಮಂದಿ ಕಾಯುತ್ತಿದ್ದರೆ ಎಷ್ಟೇ ಹಣ ಬಂದರೂ ಬಿಡಬೇಡಿ ಎಂದೇ ನಾನು ಹೇಳುವುದು. ಅಲ್ಲಿ ಪರಿಹಾರ ಕೊಟ್ಟು ತುಂಬಿಸಲಾಗದ ನಷ್ಟವಿರುತ್ತದೆ.

ಹೊರಡುವ ಮುನ್ನ ಫೈಲುಗಳು, ಪಾಸ್‌ವರ್ಡ್‌ಗಳು, ಎಲ್ಲಿಯವರೆಗೆ ಬಂದಿದೆ ಎಂಬ ಒಂದು ಪುಟದ ಟಿಪ್ಪಣಿ ಎಲ್ಲವನ್ನೂ ಒಪ್ಪಿಸಿ. ಬದಲಿಗೆ ಯಾರನ್ನಾದರೂ ಸೂಚಿಸುವುದಾದರೆ ಮೊದಲು ಅವರನ್ನು ಕೇಳಿ. ಗೋಪ್ಯತೆಯ ಷರತ್ತು ಕರಾರು ಮುಗಿದ ಮೇಲೂ ಉಳಿಯುವಂತೆ ಬರೆದಿರುವುದು ಸಾಮಾನ್ಯ. ಅಲ್ಲಿ ತಿಳಿದದ್ದನ್ನು ಹೊಸ ಕಡೆ ಬಳಸಬೇಡಿ. ಕೊನೆಗೆ "ಕರಾರು ಇಬ್ಬರ ಒಪ್ಪಿಗೆಯಿಂದ ಮುಗಿದಿದೆ, ಪರಸ್ಪರ ಬಾಕಿ ಏನೂ ಇಲ್ಲ" ಎಂಬ ಒಂದು ಸಾಲಿನ ಉತ್ತರ ಅವರಿಂದ ಬರಲಿ. ಹೊಸ ಕೆಲಸದ ಮೊದಲ ಫೈಲ್ ತೆರೆಯುವುದು ಅದಾದ ಮೇಲೆ.