ಅಳಿವೆಗೆ ಹಕ್ಕಿ ನೋಡಲು ಹೊರಡುವ ಮೊದಲು ನೀರಿನ ಹೊತ್ತು ನೋಡಿ

ಹಕ್ಕಿ ನೋಡಬೇಕು ಅಂದ್ರೆ ಬೆಳಗ್ಗೆ ಬೇಗ ಏಳಬೇಕು ಅಂತ ಎಲ್ಲರೂ ಹೇಳುತ್ತಾರೆ. ಕಾಡಿಗಾದರೆ ಸರಿ. ಆದರೆ ನದಿ ಕಡಲಿಗೆ ಸೇರುವ ಅಳಿವೆಯಲ್ಲಿ ಹಕ್ಕಿಗಳ ಊಟದ ಹೊತ್ತನ್ನು ನಿರ್ಧರಿಸುವುದು ಉಬ್ಬರ ಮತ್ತು ಇಳಿತ. ಇದು ಗೊತ್ತಿಲ್ಲದೆ ಮೊದಲ ಸಲ ಹೋದಾಗ ನೀರು ಪೂರ್ತಿ ಇಳಿದಿತ್ತು, ದೂರದ ಕೆಸರಿನ ಮೇಲೆ ಓಡಾಡುವ ಚುಕ್ಕೆಗಳನ್ನಷ್ಟೇ ನೋಡಿ ವಾಪಸ್ ಬಂದೆ.

ಹಾಗಾಗಿ ಹಿಂದಿನ ದಿನವೇ ಆ ಜಾಗದ ಉಬ್ಬರದ ವೇಳಾಪಟ್ಟಿ ನೋಡಿಕೊಳ್ಳಿ. ಹೆಚ್ಚಿನ ಕರಾವಳಿಗಳಲ್ಲಿ ಒಂದು ಉಬ್ಬರಕ್ಕೂ ಮುಂದಿನದಕ್ಕೂ ಸುಮಾರು 12 ಗಂಟೆ 25 ನಿಮಿಷ ಅಂತರ, ಅಂದರೆ ದಿನಾ ಹೆಚ್ಚುಕಮ್ಮಿ 50 ನಿಮಿಷ ಮುಂದೆ ಹೋಗುತ್ತದೆ. ನೀರು ತುಂಬುವುದಕ್ಕೆ ಎರಡು ಮೂರು ಗಂಟೆ ಮೊದಲೇ ದಡ ಸೇರಿ, ಸೂರ್ಯ ಬೆನ್ನ ಹಿಂದಿರುವ ಹಾಗೆ ಕೂತುಬಿಡಿ. ನೀರು ಏರಿದಂತೆ ಕೆಸರು ಕಿರಿದಾಗುತ್ತದೆ, ಹಕ್ಕಿಗಳು ತಾವಾಗಿಯೇ ನಿಮ್ಮ ಕಡೆ ಸರಿಯುತ್ತವೆ.

ಬೈನಾಕ್ಯುಲರ್ 8x42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 42 ಮಿ.ಮೀ. ಅಗಲದ್ದು) ಇದ್ದರೆ ಸಾಕು. ಟೋಪಿ, ನೀರು, ಒಂದು ಸಣ್ಣ ನೋಟ್‌ಬುಕ್ ಇರಲಿ.

ದಡದ ಹಕ್ಕಿಗಳಲ್ಲಿ ಹೆಚ್ಚಿನವು ಕಂದು ಬೂದು ಬಣ್ಣದವು, ಮೊದಮೊದಲು ಎಲ್ಲವೂ ಒಂದೇ ಥರ ಕಾಣುತ್ತವೆ, ಅಲ್ವಾ? ಬಣ್ಣ ಬಿಡಿ, ಕೊಕ್ಕು ನೋಡಿ, ತಿನ್ನುವ ರೀತಿ ನೋಡಿ. ಕರ್ಲ್ಯೂಗೆ ಕೆಳಕ್ಕೆ ಬಾಗಿದ ಉದ್ದ ಕೊಕ್ಕು, ಅದನ್ನು ಕೆಸರಿನ ಆಳಕ್ಕೆ ಇಳಿಸಿ ಹುಳು, ಏಡಿ ಎಳೆಯುತ್ತದೆ. ಪ್ಲವರ್‌ಗೆ ಗಿಡ್ಡ ಕೊಕ್ಕು, ದೊಡ್ಡ ಕಣ್ಣು: ನಾಲ್ಕು ಹೆಜ್ಜೆ ಓಡಿ ಗಕ್ಕನೆ ನಿಂತು, ಕಂಡದ್ದನ್ನು ಕುಕ್ಕುತ್ತದೆ. ಅವೊಸೆಟ್ ಮೇಲಕ್ಕೆ ಬಾಗಿದ ಕೊಕ್ಕನ್ನು ನೀರಿನಲ್ಲಿ ಅತ್ತಿತ್ತ ಬೀಸುತ್ತದೆ, ಟರ್ನ್‌ಸ್ಟೋನ್ ಕಲ್ಲು ಮಗುಚಿ ಅಡಿಯಲ್ಲಿ ಹುಡುಕುತ್ತದೆ. ಒಂದೇ ಕೆಸರಿನಲ್ಲಿ ಇಷ್ಟು ಜಾತಿ ಒಟ್ಟಿಗೆ ಬದುಕುವುದಕ್ಕೆ ಈ ಕೊಕ್ಕುಗಳ ವ್ಯತ್ಯಾಸವೂ ಒಂದು ಕಾರಣ. ನಾನು ಒಂದು ಹಕ್ಕಿಯನ್ನು ಹತ್ತು ನಿಮಿಷ ಬಿಡದೆ ನೋಡುತ್ತೇನೆ, ಹೆಸರು ಆಮೇಲೆ ಹುಡುಕಿದರಾಯಿತು.

ಉಬ್ಬರ ತುಂಬಿದಾಗ ಅವು ಎತ್ತರದ ಮರಳಿನ ಮೇಲೆ ಗುಂಪಾಗಿ, ಒಂಟಿ ಕಾಲಲ್ಲಿ ನಿಂತು ಮಲಗುತ್ತವೆ. ದಯವಿಟ್ಟು ಆಗ ಫೋಟೋಗೆಂದು ಹತ್ತಿರ ಹೋಗಬೇಡಿ. 2022ರಲ್ಲಿ ಗಾಡ್‌ವಿಟ್ ಅನ್ನುವ ಇಂಥದೇ ಒಂದು ದಡದ ಹಕ್ಕಿ ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ 13,560 ಕಿಲೋಮೀಟರ್ ಎಲ್ಲೂ ಇಳಿಯದೆ ಹಾರಿತು. ಇಂಥ ಪಯಣಕ್ಕೆ ಬೇಕಾದ ಕೊಬ್ಬು ಕೂಡುವುದು ಕೆಸರಿನ ಊಟದಿಂದ, ಪ್ರತಿ ಸಲ ಗಾಬರಿಯಿಂದ ಮೇಲೆದ್ದಾಗ ಅದು ಸುಮ್ನೆ ಖರ್ಚಾಗುತ್ತದೆ. ಎಲ್ಲ ತಲೆ ಎತ್ತಿ ನಿಮ್ಮ ಕಡೆ ನೋಡಿದರೆ ಹೆಚ್ಚೇ ಹತ್ತಿರ ಹೋಗಿದ್ದೀರಿ, ಮೆಲ್ಲಗೆ ಹಿಂದೆ ಸರಿಯಿರಿ.

ಒಬ್ಬರೇ ಕೆಸರಿಗೆ ಇಳಿಯಬೇಡಿ. ಮರಳ ದಿಬ್ಬದ ಮೇಲೆ ನಿಂತು ಹಕ್ಕಿ ನೋಡುತ್ತಿರುವಾಗಲೇ ಹಿಂದಿನ ಕಾಲುವೆಯಲ್ಲಿ ನೀರು ತುಂಬಿ ವಾಪಸ್ ಬರುವ ದಾರಿ ಮುಚ್ಚಿಹೋಗಬಹುದು, ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು ನೀರು ಇನ್ನೂ ಜಾಸ್ತಿ ಏರುತ್ತದೆ.

ಉಬ್ಬರ ತುಂಬಿ ಹಕ್ಕಿಗಳು ಮಲಗಿರುವ ಹೊತ್ತಿನಲ್ಲಿ ನೀವು ಊಟ ಮಾಡಿ, ಗಿಡಗಳ ಅಂಚಿನಲ್ಲಿ ಮಿಂಚುಳ್ಳಿ, ಬೆಳ್ಳಕ್ಕಿ ಹುಡುಕಿ. ನೀರು ಇಳಿಯಲು ಶುರುವಾದಾಗ ಮೊದಲು ಎದ್ದು ಕಾಣುವ ಕೆಸರಿನ ತುಂಡು ಯಾವುದು ಅಂತ ಗಮನಿಸಿ, ಅದರ ಎದುರಿಗೆ ಕೂರಿ. ಹಸಿದ ಹಕ್ಕಿಗಳು ಅಲ್ಲಿಗೇ ಇಳಿಯುತ್ತವೆ.