ಪರಿಚಿತ ಎದುರಾಳಿಯೊಂದಿಗೆ ಮರುಪಂದ್ಯ: ಕಿರಿಯರ ಫುಟ್‌ಬಾಲ್ ತಂಡದ ತಯಾರಿ

ಬೆಳಗಾವಿಯಂಥ ಊರಿನಲ್ಲಿ ಶಾಲಾ ತಂಡಗಳು ಒಂದೇ ಹಂಗಾಮಿನಲ್ಲಿ ಮತ್ತೆ ಮತ್ತೆ ಎದುರಾಗುವುದುಂಟು. ಆದ್ದರಿಂದ ಮರುಪಂದ್ಯದ ತಯಾರಿಯನ್ನು ಹಿಂದಿನ ಗೋಲುಗಳು ಹೇಗೆ ಬಂದವು ಎಂಬುದರಿಂದಲೇ ಆರಂಭಿಸಬೇಕು. ಅದನ್ನು ಮೊದಲು ಹುಡುಗರ ಬಾಯಿಂದಲೇ ಕೇಳಿ, ಆಮೇಲೆ ನಿಮ್ಮ ಟಿಪ್ಪಣಿ ತೆರೆಯಿರಿ.

ಎದುರಾಳಿಗಳಲ್ಲಿ ಉದ್ದನೆಯ ಥ್ರೋ-ಇನ್ (ಬದಿಗೆರೆಯಿಂದ ಕೈಯಲ್ಲಿ ಒಳಗೆಸೆಯುವ ಚೆಂಡು) ಎಸೆಯುವವನಿದ್ದರೆ, ಆ ಎಸೆತವನ್ನು ನೇರವಾಗಿ ಪಡೆದವನಿಗೆ ಆಫ್‌ಸೈಡ್ (ರಕ್ಷಣಾ ಸಾಲನ್ನು ದಾಟಿ ನಿಂತು ಚೆಂಡು ಪಡೆಯುವ ತಪ್ಪು) ಅನ್ವಯಿಸುವುದಿಲ್ಲ ಎಂಬುದನ್ನು ನೆನಪಿಸಿ, ರಕ್ಷಣಾ ಆಟಗಾರರು ಒಟ್ಟಾಗಿ ಮುಂದೆ ಸರಿಯುವ ಬದಲು ಎದುರಾಳಿಗೂ ನಮ್ಮ ಗೋಲಿಗೂ ನಡುವೆ ನಿಂತು ತಮ್ಮ ತಮ್ಮ ಎದುರಾಳಿಯನ್ನು ಕಾಯುವಂತೆ ಅಭ್ಯಾಸ ಮಾಡಿಸಬೇಕು. ಮೀಸಲು ಆಟಗಾರರಿಗೆ ಎದುರಾಳಿಯ ಪಾತ್ರ ಕೊಟ್ಟು ಅದೇ ಎಸೆತವನ್ನು ಎರಡೂ ಬದಿಯಿಂದ ಆಡಿಸಿ. ಯಾರದೋ ತಲೆಗೆ ತಾಗಿ ಕೆಳಗೆ ಬಿದ್ದ ಚೆಂಡನ್ನು ಯಾರು ಹೊಡೆದು ಹೊರಹಾಕಬೇಕೆಂಬುದು ಮೊದಲೇ ನಿಶ್ಚಯವಾಗಿರಲಿ. ಎಲ್ಲರೂ ನೋಡುತ್ತ ನಿಲ್ಲುವುದು ಆ ಕ್ಷಣದಲ್ಲೇ.

ಅವರಿಗೂ ನಮ್ಮ ಆಟ ಗೊತ್ತಿರುತ್ತದೆ. ಹಾಗೆಂದು ಇಡೀ ವ್ಯೂಹವನ್ನೇ ಬದಲಿಸುವುದು ನನ್ನ ದೃಷ್ಟಿಯಲ್ಲಿ ಅವಿವೇಕ. ಕಾರ್ನರ್ (ಮೈದಾನದ ಮೂಲೆಯಿಂದ ಒದೆಯುವ ಚೆಂಡು) ಹೊಡೆಯುವ ರೀತಿಯೊಂದನ್ನು ಬದಲಿಸಿದರೆ ಸಾಕು. ಟಿಳಕವಾಡಿಯ ಲೇಲೆ ಮೈದಾನದಂಥ ಕಡೆ ಮಳೆಗಾಲದಲ್ಲಿ ಆಡುವುದಾದರೆ, ನೆಲದ ಪಾಸುಗಳು ನಡುವೆಯೇ ನಿಂತುಬಿಡಬಹುದೆಂದು ಲೆಕ್ಕಹಾಕಿ, ಒದ್ದೆ ಚೆಂಡಿನಲ್ಲೂ ಅಭ್ಯಾಸ ಮಾಡಿಸಿ. ಹಿಂದಿನ ಪಂದ್ಯದಲ್ಲಿ ಜಗಳವಾಗಿದ್ದರೆ, ರೆಫರಿಯೊಂದಿಗೆ ನಾಯಕನೊಬ್ಬನೇ ಮಾತನಾಡಬೇಕೆಂದು ಮುನ್ನಾದಿನವೇ ತಿಳಿಸಿಡಿ.