ಪೆನ್‌ಡ್ರೈವ್‌ನ ಪುಟ್ಟ ಲಿನಕ್ಸ್ ಏಳುತ್ತಿಲ್ಲವೇ? ಎಲ್ಲಿ ನಿಂತಿತು, ಮೊದಲು ನೋಡಿ

ಬದಿಯಡ್ಕದ ಹತ್ತಿರ ನಮ್ಮ ಊರಿನ ವಾಚನಾಲಯದಲ್ಲಿ ಎರಡು ಹಳೆಯ ಕಂಪ್ಯೂಟರ್‌ಗಳಿವೆ. ಒಂದರಲ್ಲಿ 2 ಜಿಬಿ ರ್‍ಯಾಮ್, ಇನ್ನೊಂದರಲ್ಲಿ ಬರೀ 512 ಎಂಬಿ. ಎರಡರಲ್ಲೂ ಹಾರ್ಡ್ ಡಿಸ್ಕ್ ಕೆಟ್ಟು ಹೋಗಿದೆ. ಆದರೂ ಕೆಲಸ ನಡೆಯುತ್ತಿದೆ, ಒಂದು ಪೆನ್‌ಡ್ರೈವ್‌ನಲ್ಲಿ ಹಾಕಿಟ್ಟ ಟೈನಿ ಕೋರ್ ಲಿನಕ್ಸ್ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಮ್‌ನಿಂದ. ಇಡೀ ಸಿಸ್ಟಮ್ 20 ಚಿಲ್ಲರೆ ಎಂಬಿ ಅಷ್ಟೇ. ಆನ್ ಮಾಡಿದ ಕೂಡಲೇ ರ್‍ಯಾಮ್‌ಗೆ ಏರಿ ಕೂರುತ್ತದೆ, ಆಮೇಲೆ ಅಲ್ಲಿಂದಲೇ ಓಡುತ್ತದೆ.

ಒಮ್ಮೊಮ್ಮೆ ಏಳುವುದಿಲ್ಲ. ಆಗ ತುಂಬಾ ಜನ ಪೆನ್‌ಡ್ರೈವನ್ನೇ ಫಾರ್ಮ್ಯಾಟ್ ಮಾಡಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಳಗೆ ನಿಮ್ಮ ಬರಹ, ಫೋಟೊ ಎಲ್ಲ ಇರುತ್ತದೆ. ಈ ಸಿಸ್ಟಮ್ ಏಳುವುದು ಮೂರು ಹಂತದಲ್ಲಿ: ಮೊದಲು ಕಂಪ್ಯೂಟರ್ ಪೆನ್‌ಡ್ರೈವನ್ನು ಗುರುತಿಸುತ್ತದೆ, ಆಮೇಲೆ ಲಿನಕ್ಸ್ ಏರುತ್ತದೆ, ಕೊನೆಗೆ ನಿಮ್ಮ ಪ್ರೋಗ್ರಾಮ್ ಮತ್ತು ಡೇಟಾ ಬರುತ್ತವೆ. ಎಲ್ಲಿ ನಿಂತಿತು ಎಂದು ನೋಡಿದರೆ ಅರ್ಧ ಕೆಲಸ ಮುಗಿದ ಹಾಗೆ.

ಪರದೆಯಲ್ಲಿ ಬೂಟ್ ಡಿವೈಸ್ ಇಲ್ಲ ಎಂದು ಬಂದರೆ ಲಿನಕ್ಸ್‌ನ ತಪ್ಪಲ್ಲ. ಹಳೆಯ ಕಂಪ್ಯೂಟರ್‌ನ ಬಯೋಸ್ (ಆನ್ ಮಾಡಿದಾಗ ಮೊದಲು ಓಡುವ, ಬೋರ್ಡ್‌ನಲ್ಲೇ ಇರುವ ಪ್ರೋಗ್ರಾಮ್) ಬ್ಯಾಟರಿ ಸತ್ತಿದ್ದರೆ, ಕರೆಂಟು ಹೋದಾಗಲೆಲ್ಲ ಯುಎಸ್‌ಬಿಯಿಂದ ಮೊದಲು ಏಳಬೇಕು ಎಂಬುದನ್ನು ಅದು ಮರೆಯುತ್ತದೆ. ತಾರೀಕೂ ತಪ್ಪು ತೋರಿಸುತ್ತಿದೆಯಾ? ಹಾಗಾದರೆ ಬ್ಯಾಟರಿಯೇ. ಹೆಚ್ಚಿನ ಬೋರ್ಡ್‌ಗಳಲ್ಲಿ ಇರುವುದು ಸಿಆರ್2032 ಎಂಬ 3 ವೋಲ್ಟಿನ ಬಿಲ್ಲೆ. ಬದಲಿಸಿ, ಬಯೋಸ್‌ಗೆ ಹೋಗಿ ಯುಎಸ್‌ಬಿಯನ್ನು ಮೇಲಕ್ಕೆ ತನ್ನಿ. ಪರದೆ ಪೂರ್ತಿ ಕಪ್ಪಾಗಿ ಬೀಪ್ ಸದ್ದು ಮಾತ್ರ ಕೇಳಿದರೆ ಪವರ್ ವಯರ್ ತೆಗೆದು, ರ್‍ಯಾಮ್ ಹೊರಗೆಳೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ. ನಮ್ಮ ಮಳೆಗಾಲದ ತೇವಕ್ಕೆ ಈ ಮದ್ದು ಜಾಸ್ತಿ ಸಲ ಬೇಕಾಗುತ್ತದೆ.

ಅಕ್ಷರಗಳು ಓಡಿ ಕೊನೆಗೆ 'ಕರ್ನಲ್ ಪ್ಯಾನಿಕ್' ಎಂದು ನಿಂತರೆ, ಲಿನಕ್ಸ್‌ನ ಮೂಲ ಭಾಗವಿರುವ ಕೋರ್.ಜಿಜೆಡ್ (core.gz) ಫೈಲ್ ಸಿಕ್ಕಿಲ್ಲ ಅಥವಾ ಕೆಟ್ಟಿದೆ ಎಂಬ ಅನುಮಾನ ಇರಲಿ. ಅದನ್ನೂ, ಕರ್ನಲ್ (ಲಿನಕ್ಸ್‌ನ ತಿರುಳು) ಇರುವ ವಿಎಂಲಿನಜ್ (vmlinuz) ಫೈಲನ್ನೂ ಒಂದೇ ಆವೃತ್ತಿಯಿಂದ ಹೊಸದಾಗಿ ಕಾಪಿ ಮಾಡಿ. ನಿಮ್ಮ ಡೇಟಾ ಬೇರೆ ಕಡೆ ಇರುವುದರಿಂದ ಅದಕ್ಕೇನೂ ಆಗುವುದಿಲ್ಲ. ತೀರಾ ಹಳೆಯ ಪ್ರೊಸೆಸರ್‌ಗೆ 64 ಬಿಟ್‌ನದ್ದು ಹಾಕಬೇಡಿ.

ಹೆಚ್ಚಾಗಿ ಆಗುವುದು ಇನ್ನೊಂದು. ಸಿಸ್ಟಮ್ ಏಳುತ್ತದೆ, ಆದರೆ ಕಪ್ಪು ಪರದೆಯ ಮೇಲೆ ಡಾಲರ್ ಗುರುತು ಮಾತ್ರ. ಡೆಸ್ಕ್‌ಟಾಪೂ ಇಲ್ಲ, ನಿಮ್ಮ ಪ್ರೋಗ್ರಾಮೂ ಇಲ್ಲ. ಪೆನ್‌ಡ್ರೈವ್ ಎಚ್ಚರಾಗುವ ಮೊದಲೇ ಲಿನಕ್ಸ್ ಹುಡುಕಿ ಮುಗಿಸಿರುತ್ತದೆ, ಅದಕ್ಕೆ ನಿಮ್ಮ ಪ್ರೋಗ್ರಾಮ್, ಬ್ಯಾಕಪ್ ಇರುವ ಟಿಸಿಇ (tce) ಫೋಲ್ಡರ್ ಸಿಕ್ಕಿರುವುದಿಲ್ಲ. ಬೂಟ್ ಮೆನುವಿನಲ್ಲಿ ಟ್ಯಾಬ್ ಒತ್ತಿ, ಮೆನು ಗ್ರಬ್ (GRUB) ಎಂಬ ಬೂಟ್ ಪ್ರೋಗ್ರಾಮ್‌ನದ್ದಾದರೆ ಇ (e) ಅಕ್ಷರ. ಬೂಟ್ ಸಾಲು ಕಾಣುತ್ತದೆ. ಅದರ ಕೊನೆಗೆ ಒಂದು ಜಾಗ ಬಿಟ್ಟು 'ವೇಟ್‌ಯುಎಸ್‌ಬಿ=5' (waitusb=5) ಎಂದು ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲಿ ಸೇರಿಸಿ. 5 ಸೆಕೆಂಡು ಕಾಯುತ್ತದೆ. ಸಾಲದಿದ್ದರೆ 10 ಮಾಡಿ. ಸರಿಹೋದರೆ ಬೂಟ್ ಕಾನ್ಫಿಗ್ ಫೈಲ್‌ನಲ್ಲೇ ಬರೆದಿಡಿ.

'ಫೇಲ್ಡ್ ಇನ್ ವೇಟ್‌ಫಾರ್‌ಎಕ್ಸ್' ಎಂದು ಬಂದರೆ ಉಳಿದದ್ದೆಲ್ಲ ಸರಿ ಇದೆ, ಚಿತ್ರ ಮೂಡಿಸುವ ಭಾಗ ಮಾತ್ರ ಸೋತಿದೆ. ಆ ಕೆಲಸಕ್ಕೆ ಎಕ್ಸ್‌ವೆಸಾ (Xvesa) ಎಂಬ ಪ್ರೋಗ್ರಾಮ್ ಬಳಸುತ್ತಿದ್ದರೆ 'ಎಕ್ಸ್‌ಸೆಟಪ್' (xsetup) ಎಂಬ ಕಮಾಂಡ್ ಕೊಟ್ಟು ರೆಸಲ್ಯೂಶನ್ ಬದಲಿಸಿ ನೋಡಿ. ಬಯೋಸ್ ಬದಲು ಯುಇಎಫ್‌ಐ ಇರುವ ಹೊಸ ಕಂಪ್ಯೂಟರ್‌ನಲ್ಲಿ ಎಕ್ಸ್‌ವೆಸಾ ನಡೆಯುವುದಿಲ್ಲ, ಅದರ ಬದಲು ಎಕ್ಸ್‌ಆರ್ಗ್ (Xorg) ಹಾಕಿಕೊಳ್ಳಿ.

ಇನ್ನು ನಮಗೇ ಆದ ತೊಂದರೆ. ಕಳೆದ ಮಳೆಗಾಲದಲ್ಲಿ 512 ಎಂಬಿಯ ಕಂಪ್ಯೂಟರ್ ಅರ್ಧಕ್ಕೆ ನಿಲ್ಲತೊಡಗಿತು. ಅದೇ ಪೆನ್‌ಡ್ರೈವ್ 2 ಜಿಬಿಯದರಲ್ಲಿ ಚೆನ್ನಾಗಿ ಏಳುತ್ತಿತ್ತು. ನೋಡಿದರೆ, ಯಾರೋ ಆಸೆಯಿಂದ ಒಂದು ಯಕ್ಷಗಾನ ಆಟದ ವಿಡಿಯೊವನ್ನು ಹೋಮ್ ಫೋಲ್ಡರ್‌ನಲ್ಲಿ ಇಟ್ಟಿದ್ದರು, 400 ಎಂಬಿಯದ್ದು. ಹೋಮ್‌ನಲ್ಲಿರುವುದೆಲ್ಲ ಬ್ಯಾಕಪ್ ಮಾಡಿದಾಗ ಮೈಡೇಟಾ.ಟಿಜಿಜೆಡ್ (mydata.tgz) ಎಂಬ ಒಂದೇ ಗಂಟಾಗುತ್ತದೆ. ಪ್ರತಿ ಸಲ ಏಳುವಾಗ ಆ ಗಂಟು ರ್‍ಯಾಮ್‌ನಲ್ಲೇ ಬಿಚ್ಚಿಕೊಳ್ಳುತ್ತದೆ. 512ರಲ್ಲಿ 400 ವಿಡಿಯೊಗೇ ಹೋದರೆ ಉಳಿಯುವುದೆಷ್ಟು ಅಲ್ವಾ?

ಇಂಥ ಹೊತ್ತಿಗೆ ಬೂಟ್ ಸಾಲಿಗೆ 'ನೋರಿಸ್ಟೋರ್' (norestore) ಸೇರಿಸಿ. ಗಂಟು ಬಿಚ್ಚದೆಯೇ ಸಿಸ್ಟಮ್ ಏಳುತ್ತದೆ. ಎದ್ದರೆ ದೋಷ ಗಂಟಿನಲ್ಲಿದೆ. ಆಗಲೂ ಏಳದಿದ್ದರೆ 'ಬೇಸ್' (base) ಎಂದೂ ಸೇರಿಸಿ, ಪ್ರೋಗ್ರಾಮ್‌ಗಳನ್ನೂ ಬಿಟ್ಟು ಏಳುತ್ತದೆ. ಆಗ ಎದ್ದರೆ ಏಳುವಾಗ ಏರುವ ಪ್ರೋಗ್ರಾಮ್‌ಗಳ ಆನ್‌ಬೂಟ್.ಎಲ್‌ಎಸ್‌ಟಿ (onboot.lst) ಪಟ್ಟಿಯಲ್ಲಿರುವ ಯಾವುದೋ ಒಂದು ಪ್ರೋಗ್ರಾಮ್ ಕೆಟ್ಟಿದೆ. ಒಂದೊಂದಾಗಿ ತೆಗೆದು ನೋಡಿ.

ಒಂದು ಎಚ್ಚರಿಕೆ ಇದೆ. ನೋರಿಸ್ಟೋರ್‌ನಲ್ಲಿ ಎದ್ದಾಗ ಹೋಮ್ ಖಾಲಿ ಇರುತ್ತದೆ. ಹಾಗೇ ಶಟ್‌ಡೌನ್ ಮಾಡುವಾಗ ಬ್ಯಾಕಪ್ ಆಯ್ಕೆ ಒತ್ತಿದರೆ ಆ ಖಾಲಿ ಹೋಮ್ ನಿಮ್ಮ ಹಳೆಯ ಗಂಟಿನ ಮೇಲೆ ಕೂರುತ್ತದೆ. ಮೊದಲು ಮೈಡೇಟಾವನ್ನು ಇನ್ನೊಂದು ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಹೊರಗೆ ಬರುವಾಗ ಬ್ಯಾಕಪ್ ಜಾಗದಲ್ಲಿ 'ನನ್' (None) ಆಯ್ಕೆ ಮಾಡಿ.

ನಾವು ಪೆನ್‌ಡ್ರೈವನ್ನು ದೊಡ್ಡ ಕಂಪ್ಯೂಟರ್‌ಗೆ ಹಾಕಿ, ವಿಡಿಯೊವನ್ನು ಹೋಮ್‌ನಿಂದ ತೆಗೆದು ಪೆನ್‌ಡ್ರೈವ್‌ನಲ್ಲೇ ಟಿಸಿಇ ಪಕ್ಕದಲ್ಲಿ ಹೊಸ ಫೋಲ್ಡರ್ ಮಾಡಿ ಇಟ್ಟೆವು. ಮತ್ತೆ ಬ್ಯಾಕಪ್ ತೆಗೆದೆವು. ಸಣ್ಣ ಕಂಪ್ಯೂಟರ್ ಈಗ ಸಲೀಸಾಗಿ ಏಳುತ್ತದೆ. ಆಟ ನೋಡುವವರು ಆ ಫೋಲ್ಡರ್‌ನಿಂದಲೇ ನೋಡುತ್ತಾರೆ.